ಮೊದಲು ಸೊಪ್ಪು ಯಾವುದೆಂದು ಹೇಳಿ, ಆಮೇಲೆ ನೆನಪಿನ ಮಾತು

ಕೊಡಗು ಜಿಲ್ಲಾಧಿಕಾರಿಗಳಿಗೆ, ಜಿಲ್ಲೆಯ ಆಯುಷ್ ಮತ್ತು ಶಾಲಾ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ, ಹಾಗೇ ಹತ್ತನೇ ಕ್ಲಾಸಿನ ಮಕ್ಕಳಿರುವ ಮನೆಯವರಿಗೆ,

ನಮಸ್ಕಾರ. ನಾನು ಅಮ್ಮತ್ತಿ ಕಡೆಯವನು. ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದೆ. ಈಗ ಎರಡು ಎಕರೆ ಕಾಫಿ, ಒಂದು ಸಣ್ಣ ಗದ್ದೆ, ಒಬ್ಬ ಮೊಮ್ಮಗಳು. ಮೊಮ್ಮಗಳು ಈ ವರ್ಷ ಹತ್ತನೇ ಕ್ಲಾಸು. ಈ ಪತ್ರ ಬರೆಯಲು ಅವಳೇ ಕಾರಣ. ಸರಿಯಾಗಿ ಹೇಳುವುದಾದರೆ, ಅವಳು ಶಾಲೆಯಿಂದ ತಂದ ಒಂದು ಬಾಟಲಿ ಕಾರಣ.

ನಡೆದದ್ದು ಇಷ್ಟು. ಶಾಲೆಯ ಹೆಸರು, ಕಂಪನಿಯ ಹೆಸರು ಬರೆಯುವುದಿಲ್ಲ. ಒಬ್ಬರ ಮೇಲೆ ಗೂಬೆ ಕೂರಿಸಿದರೆ ಉಳಿದವರು ಆರಾಮಾಗಿ ಇದ್ದುಬಿಡುತ್ತಾರೆ. ಒಂದು ದಿನ ಟೈ ಕಟ್ಟಿಕೊಂಡ ಇಬ್ಬರು ಬಂದರು. ಪ್ರಾರ್ಥನೆ ಮಾಡುವ ಹಾಲ್‌ನಲ್ಲಿ ಮಕ್ಕಳನ್ನು ಕೂರಿಸಿ ಬೋರ್ಡಿನ ಮೇಲೆ ಇಪ್ಪತ್ತು ಪದ ಬರೆದರು. ಆನೆ, ಛತ್ರಿ, ಗಡಿಯಾರ, ಬೆಲ್ಲ, ಏಣಿ, ಹೀಗೆ. ಎರಡು ನಿಮಿಷ ಬಿಟ್ಟು ಅಳಿಸಿದರು. ನೆನಪಿದ್ದಷ್ಟು ಬರೆಯಿರಿ ಅಂದರು. ಮೊಮ್ಮಗಳು ಒಂಬತ್ತು ಬರೆದಳು. ಆಮೇಲೆ ಎಲ್ಲರಿಗೂ ಒಂದೊಂದು 'ಬ್ರಾಹ್ಮಿ' ಸಿರಪ್. ಬೆಳಿಗ್ಗೆ ಒಂದು ಮುಚ್ಚಳ, ರಾತ್ರಿ ಒಂದು ಮುಚ್ಚಳ. ಹದಿನೈದು ದಿನ ಬಿಟ್ಟು ಅವರೇ ಮತ್ತೆ ಬಂದು ಮತ್ತೆ ಬರೆಸಿದರು. ಈ ಸಲ ಅವಳಿಗೆ ಹದಿನಾರು. ಕ್ಲಾಸಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಏರಿತ್ತು. ಚಪ್ಪಾಳೆ. ಪೋಷಕರಿಗೆ ಒಂದು ಚೀಟಿ: ಮೂರು ತಿಂಗಳ ಕೋರ್ಸ್ ತೆಗೆದುಕೊಂಡರೆ ರಿಯಾಯಿತಿ ಇದೆಯಂತೆ.

ನಾನು ಕೇಳಿದೆ, 'ಎರಡನೇ ಸಲ ಯಾವ ಪದ ಕೊಟ್ಟರು?'

'ಅದೇ ಆನೆ, ಅದೇ ಛತ್ರಿ, ತಾತ.'

ಇದಕ್ಕಿಂತ ದೊಡ್ಡ ಸಂಗತಿ ರಾತ್ರಿ ಊಟಕ್ಕೆ ಕೂತಾಗ ಹೊರಬಂತು. ಸಿರಪ್ ಕುಡಿದ ಮೂರನೇ ದಿನಕ್ಕೇ ಅವಳಿಗೆ ವಾಕರಿಕೆ ಬಂದಿತ್ತು. ಅಮ್ಮ ಬೈತಾಳೆ ಅಂತ ಹೇಳಿರಲಿಲ್ಲ. ಉಳಿದ ಹನ್ನೆರಡು ದಿನದ ಔಷಧಿಯನ್ನೆಲ್ಲ ನೀರಿನ ತೊಟ್ಟಿಯ ಪಕ್ಕದ ದಾಸವಾಳದ ಬುಡಕ್ಕೆ ಹೊಯ್ದಿದ್ದಳು. ಹದಿನಾರು ಪದ ನೆನಪಿಟ್ಟವಳು ಔಷಧಿ ಕುಡಿದದ್ದು ಮೂರೇ ದಿನ! ದಾಸವಾಳದ ನೆನಪು ಎಷ್ಟು ಏರಿತೋ ಗೊತ್ತಿಲ್ಲ.

ಮೇಷ್ಟ್ರ ಚಾಳಿ ಬಿಡುತ್ತದೆಯೇ? ರಜೆಗೆ ಬಂದಿದ್ದ ಅವಳ ಮೂವರು ಕಸಿನ್‌ಗಳನ್ನು ಜಗುಲಿಯಲ್ಲಿ ಕೂರಿಸಿ ಅದೇ ಇಪ್ಪತ್ತು ಪದ ಬರೆಸಿದೆ. ಎರಡು ವಾರ ಬರೀ ಕಾಫಿ, ಕಡುಬು, ಟಿವಿ. ಮತ್ತೆ ಅದೇ ಪದ ಬರೆಸಿದಾಗ ಮೂವರಿಗೂ ಜಾಸ್ತಿ ಬಂತು. ಮಾರನೇ ದಿನ ಹೊಸ ಇಪ್ಪತ್ತು ಪದ ಕೊಟ್ಟೆ. ಎಲ್ಲರೂ ಮೊದಲಿನ ಜಾಗಕ್ಕೇ ಬಂದು ಕೂತರು. ಮೂರು ಮಕ್ಕಳ ಲೆಕ್ಕ ಲೆಕ್ಕವಲ್ಲ, ಗೊತ್ತು. ಆದರೆ ಹಾಲ್‌ನಲ್ಲಿ ಹೊಡೆದ ಚಪ್ಪಾಳೆ ಯಾತಕ್ಕೆ ಅನ್ನುವುದು ಅಷ್ಟರಲ್ಲಿ ಅರ್ಥವಾಯಿತು. ಒಮ್ಮೆ ನೋಡಿದ ಪಟ್ಟಿ ಎರಡನೇ ಸಲ ಸುಲಭ. ಮಕ್ಕಳು ಆ ಪಟ್ಟಿಯನ್ನು ಕಲಿತಿದ್ದರು, ಅಷ್ಟೇ.

ಹೀಗಂತ ನಾನು ಸೊಪ್ಪಿನ ವಿರೋಧಿ ಅಂದುಕೊಳ್ಳಬೇಡಿ. ಒಂದೆಲಗದ ತಂಬುಳಿ ಇಲ್ಲದೆ ನನ್ನ ಬೇಸಗೆ ಕಳೆಯುವುದಿಲ್ಲ. ನನ್ನ ತಕರಾರು ಬೇರೆ. ಆ ಬಾಟಲಿಯ ಮೇಲೆ ದೊಡ್ಡದಾಗಿ ಒಂದೆಲಗದ ದುಂಡು ಎಲೆಯ ಚಿತ್ರ ಇತ್ತು. ಹಿಂದೆ, ಕನ್ನಡಕ ಹಾಕಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಅಕ್ಷರದಲ್ಲಿ, ಬಕೋಪಾ ಮೊನ್ನಿಯೆರಿ ಅಂತ ಬರೆದಿತ್ತು. ಅದು ಬೇರೆ ಗಿಡ ಸ್ವಾಮಿ. ಚಿತ್ರ ಒಂದರದ್ದು, ಔಷಧಿ ಇನ್ನೊಂದರದ್ದು.

ಈ ಗೊಂದಲ ಆ ಕಂಪನಿಯೇ ಹುಟ್ಟಿಸಿದ್ದಲ್ಲ, ನಮ್ಮ ಮನೆಯಲ್ಲೂ ಇತ್ತು. ಗದ್ದೆಯ ಬದುವಿನಲ್ಲಿ ಒಂದೆಲಗ ಕೊಯ್ಯುತ್ತಾ 'ಬ್ರಾಹ್ಮಿ ಸಿಕ್ಕಿತು' ಅಂದೆ. ಪಕ್ಕದ ಮನೆಯ ಅಜ್ಜಿ ಕಣ್ಣೂರು ಕಡೆಯಿಂದ ಮದುವೆಯಾಗಿ ಬಂದವರು. ಬಾಯಿಗೆ ಸೆರಗು ಅಡ್ಡ ಇಟ್ಟು ನಕ್ಕರು. 'ಅದು ಮುತ್ತಿಳ್. ಬ್ರಾಹ್ಮಿ ಇಲ್ಲಿದೆ ನೋಡಿ' ಅಂತ ಕೆಳಗಿನ ತೋಡಿನ, ಅಂದರೆ ಸಣ್ಣ ಹಳ್ಳದ, ಅಂಚಿಗೆ ಕರೆದುಕೊಂಡು ಹೋದರು. ಅಲ್ಲಿ ನೀರಲ್ಲಿ ಅರ್ಧ ಮುಳುಗಿಕೊಂಡು ಹರಡಿತ್ತು ಅವರ ಬ್ರಾಹ್ಮಿ. ಬಾಟಲಿಯ ಹಿಂದೆ ಬರೆದಿದ್ದ ಬಕೋಪಾ ಅದೇ. ಮಲಯಾಳದಲ್ಲಿ ಬ್ರಾಹ್ಮಿ ಅಂದರೆ ಅದೇ. ನಮ್ಮ ಕನ್ನಡದವರಿಗೆ ಒಂದೆಲಗವೇ ಬ್ರಾಹ್ಮಿ. ತುಳು ಮಾತಾಡುವ ಮನೆಯಲ್ಲಿ ಅದೇ ಒಂದೆಲಗ ತಿಮರೆ ಆಗುತ್ತದೆ. ಒಂದೇ ಬೇಲಿಯ ಆಚೆ ಈಚೆ ಒಂದೇ ಹೆಸರಿಗೆ ಎರಡು ಗಿಡ. ಕೊಡಗಿನಂಥ ಹತ್ತು ಭಾಷೆಯ ಜಿಲ್ಲೆಯಲ್ಲಿ 'ಬ್ರಾಹ್ಮಿ ಕೊಡಿ' ಅಂದರೆ ಯಾರ ಕೈಗೆ ಏನು ಬರುತ್ತದೆ ಅಂತ ನೀವೇ ಯೋಚಿಸಿ.

ಎರಡನ್ನೂ ತಂದು ಜಗುಲಿಯ ಮೇಲೆ ಪಕ್ಕಪಕ್ಕ ಇಟ್ಟೆ. ಒಂದೆಲಗಕ್ಕೆ ಉದ್ದ ತೊಟ್ಟು, ತುದಿಗೆ ದುಂಡಗಿನ ಒಂದೇ ಎಲೆ. ಬುಡದಲ್ಲಿ ಯಾರೋ ಕಚ್ಚಿದ ಹಾಗೆ ಒಂದು ಸೀಳು. ಬಳ್ಳಿ ನೆಲದ ಮೇಲೆ ಓಡುತ್ತಾ ಗೆಣ್ಣುಗೆಣ್ಣಿಗೆ ಬೇರು ಬಿಡುತ್ತದೆ. ಕೈಯಲ್ಲಿ ಉಜ್ಜಿದರೆ ಕೊತ್ತಂಬರಿಯ ನೆಂಟನ ವಾಸನೆ. ನಿಜಕ್ಕೂ ನೆಂಟನೇ, ಕೊತ್ತಂಬರಿ, ಜೀರಿಗೆ, ಕ್ಯಾರೆಟ್ ಎಲ್ಲ ಅದೇ ಕುಟುಂಬ. ಅಜ್ಜಿಯ ಬ್ರಾಹ್ಮಿಗೆ ದಪ್ಪ ರಸಭರಿತ ಕಾಂಡ. ಚಮಚದ ಆಕಾರದ ಸಣ್ಣ ಸಣ್ಣ ಎಲೆ, ಎದುರುಬದುರಾಗಿ ಜೋಡಿ ಜೋಡಿ. ಬೆಳ್ಳಗಿನ, ಸ್ವಲ್ಪ ನೀಲಿ ಛಾಯೆಯ ಪುಟ್ಟ ಹೂ. ಒಂದು ಎಲೆ ಜಗಿದೆ. ಆ ಕಹಿ ಮಧ್ಯಾಹ್ನದ ಊಟದವರೆಗೂ ಹೋಗಲಿಲ್ಲ.

ಹಳಬರಿಗೆ ಈ ಗೊಂದಲ ಇರಲಿಲ್ಲ ಅನ್ನಿಸುತ್ತದೆ. ಚರಕ ಸಂಹಿತೆಯಲ್ಲಿ ಬುದ್ಧಿಗೆ ಒಳ್ಳೆಯದೆಂದು ನಾಲ್ಕು ಗಿಡ ಹೇಳಿದ್ದಾರೆ. ಅದರಲ್ಲಿ ಮೊದಲನೆಯದು ಮಂಡೂಕಪರ್ಣಿಯ ರಸ, ಅಂದರೆ ನಮ್ಮ ಒಂದೆಲಗ. ಉಳಿದ ಮೂರು ಜ್ಯೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ. ಸುಶ್ರುತ ಸಂಹಿತೆ ಮಂಡೂಕಪರ್ಣಿಯನ್ನೂ ಬ್ರಾಹ್ಮಿಯನ್ನೂ ಬೇರೆ ಬೇರೆಯಾಗಿಯೇ ಹೇಳುತ್ತದೆ. ಈಗಿನ ಆಯುರ್ವೇದ ಫಾರ್ಮಕೋಪಿಯಾದಲ್ಲೂ, ಅಂದರೆ ಔಷಧಿಗಳ ಅಧಿಕೃತ ಪುಸ್ತಕದಲ್ಲೂ, ಬ್ರಾಹ್ಮಿ ಅಂದರೆ ಬಕೋಪಾ, ಮಂಡೂಕಪರ್ಣಿ ಅಂದರೆ ಸೆಂಟೆಲ್ಲಾ ಏಷ್ಯಾಟಿಕಾ. ಪುಸ್ತಕದಲ್ಲಿ ಸರಿಯಾಗಿದೆ, ಸಂತೆಯಲ್ಲಿ ಕಲಸುಮೇಲೋಗರ ಆಗಿದೆ.

ಎರಡಕ್ಕೂ ಒಳಗಿನ ಸರಕು, ಅಂದರೆ ರಾಸಾಯನಿಕ, ಬೇರೆ. ಬಕೋಪಾದಲ್ಲಿ ಬಕೋಸೈಡ್‌ಗಳು. ಒಂದೆಲಗದಲ್ಲಿ ಏಷ್ಯಾಟಿಕೋಸೈಡ್, ಮೆಡೆಕಾಸೋಸೈಡ್. ಒಂದರ ಮೇಲೆ ಮಾಡಿದ ಪರೀಕ್ಷೆಯನ್ನು ಇನ್ನೊಂದರ ಬಾಟಲಿಗೆ ಅಂಟಿಸುವ ಹಾಗಿಲ್ಲ. ರೋಬಸ್ಟಾದ ಸ್ಯಾಂಪಲ್ ಕೊಟ್ಟು ಅರೇಬಿಕಾದ ರೇಟು ಕೇಳಿದರೆ ನಮ್ಮ ಕಾಫಿ ವ್ಯಾಪಾರಿ ಒಪ್ಪುತ್ತಾನಾ?

ಪರೀಕ್ಷೆಗಳು ನಡೆದೇ ಇಲ್ಲ ಅಂತಲ್ಲ. ಬಕೋಪಾದ ಮೇಲೆ ಲಕ್ನೋದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆಯವರು ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ನನಗೆ ತುಂಬಾ ಹಿಡಿಸಿದ್ದು 2002ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಒಂದು ವರದಿ. 40ರಿಂದ 65 ವರ್ಷದ 76 ಜನರಲ್ಲಿ ಕೆಲವರಿಗೆ ಬಕೋಪಾ, ಕೆಲವರಿಗೆ ಅದರ ಹಾಗೇ ಕಾಣುವ ಸುಮ್ನೆ ಮಾತ್ರೆ, ಮೂರು ತಿಂಗಳು. ಯಾರಿಗೆ ಯಾವುದು ಅಂತ ನುಂಗುವವರಿಗೂ ಗೊತ್ತಿಲ್ಲ, ಪರೀಕ್ಷೆ ಮಾಡುವವರಿಗೂ ಗೊತ್ತಿಲ್ಲ. ಬಕೋಪಾ ತಿಂದವರು ಹೊಸದನ್ನು ಬೇಗ ಕಲಿಯಲಿಲ್ಲ, ಕಲಿಯುವ ವೇಗ ಇದ್ದ ಹಾಗೇ ಇತ್ತು. ಆದರೆ ಕಲಿತದ್ದನ್ನು ಮರೆಯುವುದು ಕಡಿಮೆಯಾಗಿತ್ತು. ಎಷ್ಟು ನವಿರಾದ ಉತ್ತರ ನೋಡಿ! 'ಮೆಮೊರಿ ಪವರ್ ಡಬಲ್' ಅನ್ನುವ ಬಾಟಲಿಗೂ ಇದಕ್ಕೂ ಎಲ್ಲಿಯ ಸಂಬಂಧ? ಅದರ ಹಿಂದಿನ ವರ್ಷ ಅದೇ ದೇಶದಲ್ಲಿ 300 ಮಿಲಿಗ್ರಾಂ ಒಂದೇ ಸಲ ಕೊಟ್ಟು, ಎರಡು ಗಂಟೆ ಬಿಟ್ಟು ನೋಡಿದ್ದರು. ಏನೂ ಆಗಿರಲಿಲ್ಲ. ಪರೀಕ್ಷೆಯ ಬೆಳಿಗ್ಗೆ ಮಗುವಿನ ಬಾಯಿಗೆ ಒಂದು ಮುಚ್ಚಳ ಸುರಿಯುವ ಅಪ್ಪ ಅಮ್ಮ ಇದನ್ನು ಗಮನಿಸಬೇಕು.

ಒಂದೆಲಗದ ವಿಷಯದಲ್ಲಿ ನಮಗೆ ಹತ್ತಿರದ ಮಣಿಪಾಲದಲ್ಲೇ ಕೆಲಸ ನಡೆದಿದೆ. ಎಳೆಯ ಇಲಿಗಳಿಗೆ ಹಸಿ ಎಲೆಯ ರಸವನ್ನು ವಾರಗಟ್ಟಲೆ ಕುಡಿಸಿದರು. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಅನ್ನುವ ಭಾಗದಲ್ಲಿ ನರಕೋಶಗಳ ಕೊಂಬೆ ಜಾಸ್ತಿ ಕವಲೊಡೆದಿದ್ದವು. 2006ರ ಸುಮಾರಿಗೆ ಇದು ಪ್ರಕಟವಾಯಿತು. (ಕೆಲವು ಕಡೆ ಈ ಸೊಪ್ಪಿಗೆ ಇಲಿಕಿವಿ ಅನ್ನುತ್ತಾರೆ. ಇಲಿಗೇ ಹೋಗಿ ಸೇರಿತಲ್ಲ ಅಂತ ನಗು ಬಂತು.) ಮನುಷ್ಯರ ಮೇಲಿನ ಕೆಲಸ ಸಣ್ಣದು. 2008ರಲ್ಲಿ ಥಾಯ್ಲೆಂಡಿನವರು 28 ಜನ ವಯಸ್ಸಾದವರಿಗೆ ಎರಡು ತಿಂಗಳು ಕೊಟ್ಟರು. ಹೆಚ್ಚು ಪ್ರಮಾಣ ತೆಗೆದುಕೊಂಡವರಲ್ಲಿ ಸ್ವಲ್ಪ ಸುಧಾರಣೆ ಕಂಡಿತು. 28 ಜನ ಅಂದರೆ ನಮ್ಮೂರಿನ ಒಂದು ಮಿನಿ ಬಸ್. ಅದನ್ನೂ ಬೇರೆ ಬೇರೆ ಪ್ರಮಾಣಕ್ಕೆ ಹಂಚಿದರೆ ಒಂದೊಂದು ಗುಂಪಿಗೆ ಎಷ್ಟು ಜನ ಉಳಿದಾರು?

ಹಾಗಾಗಿ ನಮ್ಮ ಒಂದೆಲಗ ನೆನಪಿಗೆ ಒಳ್ಳೆಯದಾ ಅನ್ನುವ ಪ್ರಶ್ನೆ ಇನ್ನೂ ತೆರೆದೇ ಇದೆ. ಅದನ್ನು ಕೊಡಗಿನಲ್ಲೇ ಪರೀಕ್ಷೆ ಮಾಡಿ ಅನ್ನುವುದು ನನ್ನ ಬೇಡಿಕೆ. ಆದರೆ ಸರಿಯಾಗಿ ಮಾಡಿ.

ನಮಗೆ ಔಷಧಿ ಸೊಪ್ಪು ಹೊಸದೇನಲ್ಲ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಆಗಸ್ಟ್ ಮೊದಲ ವಾರದಲ್ಲಿ, ಇಡೀ ಜಿಲ್ಲೆಯೇ ಮದ್ದ್‌ತೊಪ್ಪಿನ ಪಾಯಸ ಕುಡಿಯುತ್ತದೆ. ಹದಿನೆಂಟು ಔಷಧಿ ಆ ದಿನ ಆ ಗಿಡದಲ್ಲಿ ಸೇರಿರುತ್ತದೆ ಅನ್ನುವ ನಂಬಿಕೆ. ಬೇಯಿಸಿದ ನೀರು ಕಡು ನೇರಳೆ. ಮರುದಿನ ಮೂತ್ರ ಕೆಂಪಗೆ ಹೋದರೆ ಮದ್ದು ಮೈಗೆ ಹತ್ತಿತು ಅಂತ ಸಮಾಧಾನ. ಮದ್ದ್‌ತೊಪ್ಪು ಹೀಗೆ ತಾನು ಒಳಗೆ ಹೋದದ್ದಕ್ಕಾದರೂ ಬೆಳಿಗ್ಗೆ ಸಾಕ್ಷಿ ಕೊಡುತ್ತದೆ. ನೆನಪಿಗೆ ಆ ಥರ ಬಣ್ಣ ಇಲ್ಲ. ಏರಿತೋ ಇಲ್ಲವೋ ಅಂತ ನಮಗೆ ನಾವೇ ಹೇಳಿಕೊಳ್ಳಬೇಕು, ಆ ವಿಷಯದಲ್ಲಿ ನಾವು ಮಹಾ ಸುಳ್ಳುಗಾರರು. ದುಡ್ಡು ಕೊಟ್ಟ ಮೇಲಂತೂ ಕೇಳುವುದೇ ಬೇಡ. ಯಾರಿಗೆ ಅಸಲಿ, ಯಾರಿಗೆ ನಕಲಿ ಅಂತ ಮುಚ್ಚಿಡದ ಪರೀಕ್ಷೆಗೆ ಬೆಲೆಯಿಲ್ಲ ಅನ್ನುವುದು ಇದಕ್ಕೇ.

ಕಹಿ ಸೊಪ್ಪಿಗೆ ನಕಲಿ ಎಲ್ಲಿಂದ ತರುವುದು ಅಂತ ನೀವು ಕೇಳಬಹುದು. ಬಕೋಪಾ ಆದರೆ ಮಾತ್ರೆಯೊಳಗೆ ಮುಚ್ಚಬೇಕು, ಬೇರೆ ದಾರಿ ಕಾಣೆ. ಒಂದೆಲಗಕ್ಕೆ ನನ್ನ ಹೆಂಡತಿ ಒಂದು ದಾರಿ ತೋರಿಸಿದ್ದಾಳೆ. ಒಂದು ಪಾತ್ರೆಯಲ್ಲಿ ಒಂದೆಲಗದ ತಂಬುಳಿ. ಇನ್ನೊಂದರಲ್ಲಿ ಪಾಲಕ್ ಸೊಪ್ಪು, ನಾಲ್ಕು ಎಸಳು ಕೊತ್ತಂಬರಿ. ಎರಡಕ್ಕೂ ಒಂದೇ ಅಳತೆ ಕಾಯಿ, ಜೀರಿಗೆ, ಕಾಳುಮೆಣಸು, ಮಜ್ಜಿಗೆ, ತುಪ್ಪದ ಒಗ್ಗರಣೆ. ಮನೆಗೆ ಬಂದವರು, ನಾನು ಎಲ್ಲ ಸೇರಿ ಆರು ಜನಕ್ಕೆ ಬಡಿಸಿ ಯಾವುದು ಒಂದೆಲಗ ಹೇಳಿ ಅಂದಳು. ಮೂವರು ಸರಿ ಹೇಳಿದರು, ಮೂವರು ತಪ್ಪು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ತಪ್ಪು ಹೇಳಿದವರಲ್ಲಿ ನಾನೂ ಒಬ್ಬ. ಬೇಸಗೆಯಿಡೀ ತಂಬುಳಿ ಕುಡಿಯುವವನು!

ಇನ್ನೊಂದು ವಿಷಯ ನಮ್ಮ ಜಿಲ್ಲೆಗೇ ಸೇರಿದ್ದು. ಒಂದೆಲಗ ತಾನು ನಿಂತ ಮಣ್ಣಿನ ಲೋಹಗಳನ್ನು ಎಳೆದುಕೊಳ್ಳುವ ಗಿಡ. ಬಕೋಪಾ ಕೂಡ ಹಾಗೇ. ಮಳೆಗೆ ಮುಂಚೆ ನಾವೆಲ್ಲ ಕಾಫಿಗೆ, ಮೆಣಸಿಗೆ ಬೋರ್ಡೋ ಹೊಡೆಯುತ್ತೇವೆ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಅದರಲ್ಲಿರುವುದು ತಾಮ್ರ. ಜೂನ್‌ನಲ್ಲಿ ಮಳೆ ಹಿಡಿದರೆ ತೋಟದ ನೀರೆಲ್ಲ ಇಳಿಯುವುದು ಗದ್ದೆಗೆ, ತೋಡಿಗೆ. ಸೊಪ್ಪು ಇರುವುದೂ ಅಲ್ಲೇ. ಅದರ ಜೊತೆಗೆ ಕಳೆನಾಶಕ ಬೇರೆ. ನಾನೂ ಹೊಡೆದವನೇ, ಯಾರನ್ನೂ ದೂರುತ್ತಿಲ್ಲ. ಆದರೆ ಹಸಿ ರಸ ಕುಡಿಸುವ ಮೊದಲು ಆ ಎಲೆಯಲ್ಲಿ ಏನೇನಿದೆ ಅಂತ ಲ್ಯಾಬಿನಲ್ಲಿ ನೋಡಬೇಕಲ್ವಾ? ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ, ಗಿಡ ಗುರುತಿಸಲು ಅವರಿಗಿಂತ ಹತ್ತಿರದವರು ಬೇಕಾಗಿಲ್ಲ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಇದೆ. ಬೆಂಗಳೂರಿನ ನಿಮ್ಹಾನ್ಸ್‌ನವರ ಹತ್ತಿರ ನೆನಪು ಅಳೆಯುವ ಅನುಭವ ಇದೆ. ಇವರನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸುವ ಶಕ್ತಿ ಇರುವುದು ನಿಮಗೇ, ನನಗಲ್ಲ.

ಪರೀಕ್ಷೆ ಯಾರ ಮೇಲೆ? ದಯವಿಟ್ಟು ಹತ್ತನೇ ಕ್ಲಾಸಿನ ಮಕ್ಕಳಿಂದ ಶುರು ಮಾಡಬೇಡಿ. ನಮ್ಮಂಥ ಮುದುಕರಿಂದ ಶುರು ಮಾಡಿ. ಕನ್ನಡಕ ಎಲ್ಲಿಟ್ಟೆ ಅಂತ ದಿನಕ್ಕೆ ಮೂರು ಸಲ ಹುಡುಕುವವರು ನಾವು, ಪುರುಸೊತ್ತೂ ಇದೆ. ಬಿಪಿ, ಶುಗರ್, ಥೈರಾಯ್ಡ್, ಫಿಟ್ಸ್ ಮಾತ್ರೆ ತಿನ್ನುವವರನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಬಕೋಪಾದಿಂದ ಹೊಟ್ಟೆ ನುಲಿತ, ವಾಕರಿಕೆ, ಪದೇ ಪದೇ ಹೊರಗೆ ಹೋಗುವುದು ಪರೀಕ್ಷೆಗಳಲ್ಲೇ ದಾಖಲಾಗಿದೆ. ಒಂದೆಲಗದ ಮಾತ್ರೆ ವಾರಗಟ್ಟಲೆ ತಿಂದ ಮೂವರು ಹೆಂಗಸರಿಗೆ ಕಾಮಾಲೆ ಆದದ್ದೂ 2005ರಲ್ಲಿ ವರದಿಯಾಗಿದೆ. ತಂಬುಳಿ ತಿಂದವರು ಹೆದರಬೇಕಾಗಿಲ್ಲ. ಆದರೆ 'ಸೊಪ್ಪು ತಾನೆ, ಏನಾಗುತ್ತೆ' ಅನ್ನುವ ಮಾತು ಮಾತ್ರೆಗೂ ಸಿರಪ್ಪಿಗೂ ನಡೆಯುವುದಿಲ್ಲ.

ಭಾಷೆಯ ವಿಷಯವನ್ನು ಮರೆತೇಬಿಡುತ್ತಾರೆ. ಕನ್ನಡದ ಪದಪಟ್ಟಿ ಓದಿ ನೆನಪು ಅಳೆಯುವುದು ಸುಲಭ. ಆದರೆ ಮನೆಯಲ್ಲಿ ಕೊಡವ ತಕ್ಕ್ ಮಾತಾಡುವ ಅಜ್ಜಿಗೆ, ಅರೆಭಾಷೆಯವರಿಗೆ, ಮಲಯಾಳದವರಿಗೆ, ತೋಟದ ಕೂಲಿಯವರ ಲೈನ್‌ಮನೆಯ ಯರವ ಅಜ್ಜನಿಗೆ ಅದು ನೆನಪಿನ ಪರೀಕ್ಷೆಯೋ ಕನ್ನಡದ ಪರೀಕ್ಷೆಯೋ? ಅವರವರ ಮಾತಿನಲ್ಲಿ ಪಟ್ಟಿ ಮಾಡಿ. ಪ್ರತಿ ಸಲಕ್ಕೂ ಬೇರೆ ಪಟ್ಟಿ. ಆನೆ ಛತ್ರಿ ಸಾಕು.

ನಿಯಮಗಳು ನಿಮಗೇ ಚೆನ್ನಾಗಿ ಗೊತ್ತು. ಇಂಥ ಪರೀಕ್ಷೆ ಶುರುವಾಗುವ ಮೊದಲೇ ದೇಶದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿಯಲ್ಲಿ ದಾಖಲಿಸಬೇಕು. ಏನನ್ನು ಅಳೆಯುತ್ತೇವೆ ಅಂತ ಮುಂಚೆಯೇ ಬರೆದಿಡಬೇಕು. ಮಕ್ಕಳನ್ನು ಸೇರಿಸಿಕೊಳ್ಳುವುದಾದರೆ ತಂದೆತಾಯಿಯ ಸಹಿ ಸಾಲದು, ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಹಾಲ್‌ನಲ್ಲಿ ಕೂತ ಮಕ್ಕಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ದಾಸವಾಳದ ವಿಷಯ ಅಂದೇ ಗೊತ್ತಾಗುತ್ತಿತ್ತು. ಮತ್ತೆ, ಏನೂ ಪರಿಣಾಮ ಇಲ್ಲ ಅಂತ ಬಂದರೂ ಅದನ್ನು ಪ್ರಕಟಿಸಿ. ನಮ್ಮ ತಂಬುಳಿಯ ಮರ್ಯಾದೆ ಅದರಿಂದ ಹೋಗುವುದಿಲ್ಲ. ರುಚಿಗೇ ತಿನ್ನುತ್ತೇವೆ.

ಅಲ್ಲಿಯವರೆಗೆ ಒಂದು ಸುತ್ತೋಲೆ ಸಾಕು. ಶಾಲೆಯ ಗೇಟಿನೊಳಗೆ ನೆನಪಿನ ಔಷಧಿಯ ಪ್ರದರ್ಶನ, ಪರೀಕ್ಷೆ, ಮಾರಾಟ ಯಾವುದೂ ಬೇಡ. ಒಂದು ಪುಟ, ಒಂದು ಸೀಲು. ಇದಕ್ಕೆ ಬಜೆಟ್ ಬೇಕಾಗಿಲ್ಲ. ಪೋಷಕರಿಗೆ ನನ್ನದೊಂದು ಪುಕ್ಕಟೆ ಸಲಹೆಯೂ ಇದೆ: ರಾತ್ರಿ ಹನ್ನೊಂದರವರೆಗೆ ಟ್ಯೂಷನ್ ಹೋಂವರ್ಕ್, ಬೆಳಿಗ್ಗೆ ಆರಕ್ಕೆ ಸ್ಪೆಷಲ್ ಕ್ಲಾಸು ಅಂತ ಓಡಿಸುವ ಬದಲು ಮಗುವನ್ನು ಎಂಟು ಗಂಟೆ ಮಲಗಿಸಿ ನೋಡಿ. ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ.

ಎರಡೂ ಗಿಡಗಳನ್ನು ಎರಡು ಕುಂಡದಲ್ಲಿ ನೆಟ್ಟು, ಹೆಸರು ಬರೆದ ತಗಡು ಚುಚ್ಚಿ ಜಗುಲಿಯಲ್ಲಿ ಇಟ್ಟಿದ್ದೇನೆ. ಆ ಬಾಟಲಿಯೂ ಪಕ್ಕದಲ್ಲೇ ಇದೆ. ನಿಮ್ಮ ಕಡೆಯಿಂದ ಯಾರು ಬಂದರೂ ಮಾದರಿ ತೆಗೆದುಕೊಂಡು ಹೋಗಬಹುದು. ತೋಡಿನ ಅಂಚಿನ ಬ್ರಾಹ್ಮಿ ತೋರಿಸಲು ಪಕ್ಕದ ಮನೆಯ ಅಜ್ಜಿಯೂ ಒಪ್ಪಿದ್ದಾರೆ. ಮಳೆಗಾಲದಲ್ಲಿ ಬರುವುದಾದರೆ ಜಿಗಣೆಗೆ ಉಪ್ಪು ತನ್ನಿ, ಊಟ ನಮ್ಮಲ್ಲೇ. ಎರಡು ಪಾತ್ರೆ ತಂಬುಳಿ ಇಟ್ಟಿರುತ್ತೇವೆ, ಯಾವುದು ಯಾವುದೆಂದು ಹೇಳುವುದಿಲ್ಲ.

ಇಂತಿ ನಿಮ್ಮ,
ಅಮ್ಮತ್ತಿಯ ಒಬ್ಬ ನಿವೃತ್ತ ವಿಜ್ಞಾನ ಮೇಷ್ಟ್ರು